ಅಮೆರಿಕದ ಪೌರತ್ವ ಪರೀಕ್ಷೆಗೆ ಕನ್ನಡದಲ್ಲೊಂದು ಪಟ್ಟಿ ಬೇಕು

ಮಾನ್ಯ ಸಂಪಾದಕರೇ,

ನಾನು ಅಮೆರಿಕದಿಂದ ಹಾಸನಕ್ಕೆ ಬಂದು ಏಳು ತಿಂಗಳಾಯಿತು. ಹೀಗೆ ಹೇಳಿಕೊಳ್ಳುವುದೇ ನನಗೊಂದು ಖುಷಿ. ಮೊದಲೆಲ್ಲ ಐದು ತಿಂಗಳು ತುಂಬುತ್ತಿದ್ದಂತೆ ಪೆಟ್ಟಿಗೆ ಕಟ್ಟಬೇಕಿತ್ತು. ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ಆಗಿ ಇರುವ ಪರವಾನಗಿ ಇರುವವರು ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ, ವಾಪಸ್ ಹೋದಾಗ ವಿಮಾನ ನಿಲ್ದಾಣದಲ್ಲೇ ವಿಚಾರಣೆ ಶುರುವಾಗಬಹುದು. ಪೌರತ್ವಕ್ಕೆ ಬೇಕಾದ ವಾಸದ ಲೆಕ್ಕವೂ ಕೆಡಬಹುದು. ಕೊನೆಗೆ ನಮ್ಮೂರಲ್ಲಿ ಬೇಕಾದಷ್ಟು ದಿನ ಇರಬೇಕು ಅಂತಲೇ ನಾನು ಅಮೆರಿಕದ ಪ್ರಜೆಯಾದೆ. ಕೇಳಿದವರು ನಗುತ್ತಾರೆ. ನನಗೂ ನಗು ಬರುತ್ತದೆ.

ಈ ಪತ್ರಕ್ಕೆ ಕಾರಣ ಬೇರೆ ಇದೆ. ನಮ್ಮ ಬೀದಿಯಲ್ಲೇ ಇಬ್ಬರು, ಸಕಲೇಶಪುರದಿಂದ ಬಂದ ಒಬ್ಬರು, ಮೂವರೂ ನನ್ನನ್ನು ಒಂದೇ ಮಾತು ಕೇಳಿದರು: ಅಮೆರಿಕದ ಪೌರತ್ವ ಪರೀಕ್ಷೆಗೆ ಯಾವ ಕ್ಲಾಸಿಗೆ ದುಡ್ಡು ಕಟ್ಟಬೇಕು? ಯಾವುದಕ್ಕೂ ಬೇಡ ಅಂದೆ. ಅವರು ನಂಬಲಿಲ್ಲ. ತಪ್ಪಿಲ್ಲ ಬಿಡಿ, ನಾನೂ ನಂಬಿರಲಿಲ್ಲ. ಮಗನಿಗೆ ಹೇಳದೆ, ವಾಟ್ಸಾಪ್‌ನಲ್ಲಿ ಬಂದ 'ಪಾಸ್ ಗ್ಯಾರಂಟಿ' ಜಾಹೀರಾತು ನೋಡಿ 250 ಡಾಲರ್ ಕಟ್ಟಿದ್ದೆ. ಒಂದು ಜೆರಾಕ್ಸ್ ಕಟ್ಟು ಬಂತು, ಸ್ಪೈರಲ್ ಬೈಂಡಿಂಗ್ ಬೇರೆ. ಮೊಮ್ಮಗಳು ಅದನ್ನು ತಿರುವಿಹಾಕಿ, ಪುಟದ ಕೆಳಗೆ ಅರ್ಧ ಕತ್ತರಿಸಿಹೋದ ಒಂದು ಸಾಲು ತೋರಿಸಿದಳು. ಅದು ಸರ್ಕಾರದ ವೆಬ್‌ಸೈಟಿನ ವಿಳಾಸ! ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಾದ ಪಟ್ಟಿಯನ್ನೇ ನನಗೆ ಮಾರಿದ್ದರು.

ಆ ಸೈಟು ಯುಎಸ್‌ಸಿಐಎಸ್ ಅನ್ನುವ ಇಲಾಖೆಯದು. ಪೌರತ್ವ ಕೊಡುವುದೂ ಅದೇ, ಪರೀಕ್ಷೆ ಮಾಡುವುದೂ ಅದೇ. ಆ ದೇಶದ ಇತಿಹಾಸ, ಸರ್ಕಾರದ ಬಗ್ಗೆ ಕೇಳುವ ಪ್ರಶ್ನೆಗಳೆಲ್ಲ ಉತ್ತರದ ಸಮೇತ ಅಲ್ಲೇ ಇವೆ. ಕೇಳಿಸಿಕೊಳ್ಳಲು ಆಡಿಯೋ ಇದೆ, ಪ್ರಶ್ನೆ ಒಂದು ಕಡೆ ಉತ್ತರ ಇನ್ನೊಂದು ಕಡೆ ಇರುವ ಕಾರ್ಡುಗಳಿವೆ, ಮಾದರಿ ಪರೀಕ್ಷೆಯೂ ಇದೆ. ಪ್ರಶ್ನೆಪತ್ರಿಕೆಯನ್ನು ಮೊದಲೇ ಕೈಗೆ ಕೊಟ್ಟು ಪರೀಕ್ಷೆ ಮಾಡುವ ಸರ್ಕಾರವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಅಲ್ಲಿನ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇದಕ್ಕೆ ಬಿಟ್ಟಿ ತರಗತಿ ಕೂಡ ನಡೆಯುತ್ತದೆ.

ನಾನು 2024ರ ಮೇ ತಿಂಗಳಲ್ಲಿ ಅರ್ಜಿ ಹಾಕಿದಾಗ ಹಳೆಯ ಪರೀಕ್ಷೆ ಇತ್ತು. 100 ಪ್ರಶ್ನೆ ಓದಬೇಕು, 10 ಕೇಳುತ್ತಾರೆ, 6 ಸರಿಯಾದರೆ ಪಾಸ್. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆ, 20 ಕೇಳುತ್ತಾರೆ, 12 ಸರಿಯಾಗಬೇಕು. ಒಮ್ಮೆ ಫೇಲಾದರೆ ಅದೇ ಅರ್ಜಿಯ ಮೇಲೆ, ಅದೇ ಫೀಸಿನಲ್ಲಿ ಇನ್ನೊಂದು ಅವಕಾಶ ಉಂಟು. ನನಗೆ ಆನ್‌ಲೈನ್ ಅರ್ಜಿಗೆ 710 ಡಾಲರ್ ಆಯಿತು.

ವಯಸ್ಸಾದವರಿಗೆ ಇರುವ ಒಂದು ಅನುಕೂಲ ಬಹಳ ಜನರಿಗೆ ಗೊತ್ತಿಲ್ಲ. 50 ವಯಸ್ಸು ದಾಟಿ ಗ್ರೀನ್ ಕಾರ್ಡ್ ಪಡೆದು 20 ವರ್ಷವಾಗಿದ್ದರೆ, ಇಲ್ಲವೇ 55 ದಾಟಿ 15 ವರ್ಷವಾಗಿದ್ದರೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಉಳಿದ ಪ್ರಶ್ನೆಗಳಿಗೆ ತಮ್ಮ ಭಾಷೆಯಲ್ಲೇ ಉತ್ತರ ಹೇಳಬಹುದು. 65 ದಾಟಿ 20 ವರ್ಷವಾಗಿದ್ದರೆ ಓದಬೇಕಾದ್ದು ಬರೀ 20 ಪ್ರಶ್ನೆ. ನನಗೆ ಆಗ 69 ವಯಸ್ಸು, ಕಾರ್ಡ್ ಬಂದು 16 ವರ್ಷ. ಹಾಗಾಗಿ 20ರ ಬದಲು 100 ಓದಿದೆ. ಆದರೆ ಕನ್ನಡದಲ್ಲಿ! ಅಮೆರಿಕದ ಸರ್ಕಾರಿ ಕಚೇರಿಯಲ್ಲಿ ಕೂತು ಕನ್ನಡದಲ್ಲಿ ಪರೀಕ್ಷೆ ಕೊಡುತ್ತೇನೆ ಅಂತ ಕನಸಲ್ಲೂ ಎಣಿಸಿರಲಿಲ್ಲ. ನಮ್ಮ ದೇಶದ ಪೌರತ್ವ ಕಾಯ್ದೆಯಲ್ಲೂ, ಹೊರಗಿನಿಂದ ಬಂದು ಪ್ರಜೆಯಾಗುವವರಿಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಬರಬೇಕು ಅಂತಿದೆ. ಅಲ್ಲೂ ಕನ್ನಡ ನಡೆಯುತ್ತದೆ, ಅಲ್ವಾ?

ತೊಡಕು ಇರುವುದು ಇಲ್ಲೇ. ದುಭಾಷಿಯನ್ನು ನಾವೇ ಕರೆದುಕೊಂಡು ಹೋಗಬೇಕು. ಓದಲು ಆ ಸೈಟಿನಲ್ಲಿ ಸ್ಪ್ಯಾನಿಷ್, ಚೀನೀ, ವಿಯೆಟ್ನಾಮೀಸ್ ಭಾಷೆಗಳಲ್ಲಿ ಪ್ರಶ್ನೆಗಳಿದ್ದವು. ಕನ್ನಡದಲ್ಲಿ ನನಗೆ ಸಿಗಲಿಲ್ಲ. ಇಂಗ್ಲಿಷ್ ಓದಿದರೆ ತಿಳಿಯುತ್ತದೆ. ಅವರು ಆಡುವ ವೇಗಕ್ಕೆ ಕಿವಿ ಕೊಡುವುದು, ಬಾಯಿ ಬಿಡುವುದು ಕಷ್ಟ. ಹಾಗಾಗಿ 200 ಪುಟದ ಒಂದು ನೋಟ್‌ಬುಕ್ ತಂದು ನಾನೇ ಕನ್ನಡಕ್ಕೆ ಬರೆದುಕೊಂಡೆ. ಬೆಳಿಗ್ಗೆ ಅಡುಗೆಮನೆಯಲ್ಲಿ ನೆನೆಸಿಟ್ಟ ಫ್ರೋಜನ್ ಅವರೆಕಾಳು ಹಿತುಕುತ್ತಾ ಆಡಿಯೋ ಹಾಕಿಕೊಳ್ಳುತ್ತಿದ್ದೆ. ಒಂದು ಪ್ರಶ್ನೆ ಮುಗಿಯುವಷ್ಟರಲ್ಲಿ ನಾಲ್ಕು ಕಾಳಿನ ಸಿಪ್ಪೆ ಜಾರಿರುತ್ತಿತ್ತು.

ನೆನಪಿಗೆ ನನ್ನದೇ ಉಪಾಯಗಳಿದ್ದವು. ಸೆನೆಟ್ ಅಂದರೆ ನಮ್ಮ ರಾಜ್ಯಸಭೆ ಇದ್ದ ಹಾಗೆ, ಅವಧಿಯೂ ಅದೇ 6 ವರ್ಷ, ಜನ 100. ಕೆಳಮನೆ ನಮ್ಮ ಲೋಕಸಭೆ, ಆದರೆ ಅವಧಿ ಎರಡೇ ವರ್ಷ, ಜನ 435. ಸರ್ಕಾರದ ಮೂರು ಅಂಗ ಅಂದರೆ ಒಲೆಯ ಮೂರು ಗುಂಡು, ಒಂದು ಎತ್ತರವಾದರೂ ಪಾತ್ರೆ ವಾಲುತ್ತದೆ. 'ಬಿಲ್ ಆಫ್ ರೈಟ್ಸ್', ಅಂದರೆ ಅವರ ಸಂವಿಧಾನದ ಮೊದಲ ಹತ್ತು ತಿದ್ದುಪಡಿ, ಮಾತ್ರ ಬಹಳ ದಿನ ಕಾಡಿತು. ಬಿಲ್ ಅಂದ ಕೂಡಲೇ ನನಗೆ ಕರೆಂಟ್ ಬಿಲ್ಲೇ ಕಣ್ಣಿಗೆ ಬರುತ್ತಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಬಗ್ಗೆ ಓದಿದ ದಿನ ಮಾತ್ರ ನೋಟ್‌ಬುಕ್ ಮುಚ್ಚಿ ಎಲ್ಲರಿಗೂ ಹೇಳಿಕೊಂಡು ಬಂದೆ. ಅವರು ಆ ದೇಶದ ಮೊದಲ ಪೋಸ್ಟ್‌ಮಾಸ್ಟರ್ ಜನರಲ್! ನಾನು 32 ವರ್ಷ ಅಂಚೆ ಕಚೇರಿಯಲ್ಲಿ ಮನಿ ಆರ್ಡರ್ ಬರೆದವಳು, ನಮ್ಮ ಇಲಾಖೆಯವರು ಒಬ್ಬರು ಸಿಕ್ಕಂತಾಯಿತು.

ಬಿಟ್ಟಿ ಅಂತ ಸಿಕ್ಕಿದ್ದೆಲ್ಲ ಓದಲೂಬಾರದು. ನಿಮ್ಮ ರಾಜ್ಯದ ಒಬ್ಬ ಸೆನೆಟರ್ ಯಾರು ಅನ್ನುವ ಪ್ರಶ್ನೆಗೆ ಯೂಟ್ಯೂಬ್‌ನ ಒಂದು ಹಳೆಯ ವಿಡಿಯೋ ನ್ಯೂಜೆರ್ಸಿಯ ಸೆನೆಟರ್ ಮೆನೆಂಡೆಜ್ ಅನ್ನುತ್ತಿತ್ತು. ಅವರು 2024ರ ಆಗಸ್ಟ್‌ನಲ್ಲೇ ರಾಜೀನಾಮೆ ಕೊಟ್ಟಿದ್ದರು. ಹೀಗೆ ಬದಲಾಗುವ ಹೆಸರುಗಳಿಗೆ ಇಲಾಖೆಯ ಸೈಟಿನಲ್ಲೇ ಬೇರೆ ಪುಟ ಇದೆ. ನಾನು ಸುಮ್ನೆ ಕೋರಿ ಬುಕರ್ ಅಂತ ಇನ್ನೊಬ್ಬ ಸೆನೆಟರ್ ಹೆಸರು ಕಲಿತುಕೊಂಡೆ.

ಸಂದರ್ಶನ ಅಕ್ಟೋಬರ್‌ನಲ್ಲಿ. ದುಭಾಷಿಯಾಗಿ ಬಂದವರು ಪರಿಚಯದ ಒಬ್ಬ ಹಿರಿಯರು, ಅಚ್ಚುಕಟ್ಟಾದ ಕನ್ನಡ ಅವರದು. ಹೇಳಿದ್ದನ್ನು ಹಾಗೇ ಹೇಳಬೇಕು, ತಮ್ಮದೇನೂ ಸೇರಿಸಬಾರದು ಅನ್ನುವ ನಿಯಮ ಅವರಿಗೆ. ಅಧಿಕಾರಿ ಏನೋ ಕೇಳಿದರು. ಇವರು ನನ್ನ ಕಡೆ ತಿರುಗಿ, "ಭೂಮಿಯ ಪರಮೋಚ್ಚ ಕಾನೂನು ಯಾವುದು?" ಅಂದರು.

ನನಗೆ ಕೈಕಾಲು ತಣ್ಣಗಾಯಿತು. ಭೂಮಿಯ ಕಾನೂನು? ತಲೆಗೆ ಬಂದದ್ದು ನಮ್ಮ ಭೂಸುಧಾರಣೆ, ದೇವರಾಜ ಅರಸು, ಉಳುವವನೇ ಹೊಲದೊಡೆಯ. ಇದು ಪಟ್ಟಿಯಲ್ಲಿ ಎಲ್ಲಿತ್ತು? ಇನ್ನೊಮ್ಮೆ ಕೇಳಿ ಅಂದೆ. ಅಧಿಕಾರಿ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಾಗ 'ಸುಪ್ರೀಮ್ ಲಾ' ಅನ್ನುವುದು ಕಿವಿಗೆ ಬಿತ್ತು. ನನ್ನ ನೋಟ್‌ಬುಕ್‌ನಲ್ಲಿ ಅದು 'ದೇಶದ ಎಲ್ಲಕ್ಕಿಂತ ದೊಡ್ಡ ಕಾನೂನು' ಅಂತ ಇತ್ತು! ಸಂವಿಧಾನ ಅಂದೆ. ಆ ಹಿರಿಯರು ಕಾನ್ಸ್ಟಿಟ್ಯೂಶನ್ ಅಂದರು. ಅಧಿಕಾರಿ ಗುರುತು ಹಾಕಿಕೊಂಡರು. ಆಮೇಲೆ ಫ್ರಾಂಕ್ಲಿನ್ ಬಂದರು. ಆರು ಸರಿಯಾದ ಮೇಲೆ ಏಳನೆಯದನ್ನು ಕೇಳಲೇ ಇಲ್ಲ.

ಆ ಹಿರಿಯರ ತಪ್ಪು ಇದರಲ್ಲಿ ಏನೂ ಇಲ್ಲ. ಅವರ ಕನ್ನಡ ಒಂದು, ನನ್ನ ಕನ್ನಡ ಒಂದು. ನಾನಾದರೋ ಇಂಗ್ಲಿಷ್ ಓದಬಲ್ಲೆ, ಹೇಗೋ ಪಾರಾದೆ. ಓದಲು ಬಾರದ ಒಬ್ಬ ತಾಯಿ ಅಲ್ಲಿ ಕೂತಿದ್ದರೆ ಗೊತ್ತಿರುವ ಉತ್ತರಕ್ಕೂ ಮಾರ್ಕು ಹೋಗುತ್ತಿತ್ತು.

ಅದಕ್ಕೇ ನಿಮ್ಮ ಪತ್ರಿಕೆಯ ಮೂಲಕ ಅಮೆರಿಕದ ಕನ್ನಡ ಕೂಟಗಳಿಗೆ, 'ಅಕ್ಕ' ಮತ್ತು 'ನಾವಿಕ' ಅನ್ನುವ ಅಲ್ಲಿನ ಕನ್ನಡ ಸಂಘಟನೆಗಳವರಿಗೆ ಒಂದು ಕೋರಿಕೆ. 128 ಪ್ರಶ್ನೆಗೂ ಮನೆಮಾತಿನ ಕನ್ನಡದಲ್ಲಿ ಒಂದೇ ಪಟ್ಟಿ ಮಾಡಿ, ಬಿಟ್ಟಿಯಾಗಿ ಇಡಿ. ಓದುವವರೂ ಅದನ್ನೇ ಓದಲಿ, ದುಭಾಷಿಗಳೂ ಅದನ್ನೇ ನೋಡಿಕೊಂಡು ಬರಲಿ. ಆಡಿಯೋ ಮಾಡಿದರೆ ಇನ್ನೂ ಒಳ್ಳೆಯದು. ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಶಾಲೆ ನಡೆಸುವ ನಿಮಗೆ ಇದು ದೊಡ್ಡ ಕೆಲಸ ಅಲ್ಲ. ಅಜ್ಜಿ ತಾತಂದಿರು ಹೇಗೂ ಮಕ್ಕಳನ್ನು ಬಿಡಲು ಬಂದು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ.

ನಾನೂ ಇಲ್ಲಿ ಸುಮ್ಮನೆ ಕೂತಿಲ್ಲ. ಹೊಸ ಪಟ್ಟಿ ಇಳಿಸಿಕೊಂಡು, ಅದೇ ನೋಟ್‌ಬುಕ್‌ನ ಉಳಿದ ಪುಟಗಳಲ್ಲಿ ಬರೆಯುತ್ತಿದ್ದೇನೆ. ನಿನ್ನೆಗೆ 41 ಮುಗಿಯಿತು. ಎರಡನೇ ಪ್ರಶ್ನೆಗೆ ಮಾತ್ರ ಜಾಗ ಖಾಲಿ ಬಿಟ್ಟಿದ್ದೇನೆ. 'ಸುಪ್ರೀಮ್ ಲಾ ಆಫ್ ದ ಲ್ಯಾಂಡ್' ಅನ್ನುವುದನ್ನು ಹಾಸನದವರಿಗೂ ಮಂಗಳೂರಿನವರಿಗೂ ಕಲಬುರಗಿಯವರಿಗೂ ಒಂದೇ ಏಟಿಗೆ ತಿಳಿಯುವಂತೆ ಹೇಗೆ ಹೇಳಬೇಕು ಅಂತ ನಿಮ್ಮ ಓದುಗರು ಬರೆದು ತಿಳಿಸಿದರೆ ಅಲ್ಲಿ ತುಂಬಿಕೊಳ್ಳುತ್ತೇನೆ.

ಇಂತಿ,
ನಿವೃತ್ತ ಅಂಚೆ ನೌಕರಳೊಬ್ಬಳು, ಹಾಸನ