ಗೋಸುಂಬೆ ಮರಿ ಸಾಕುವ ಹೊಸಬರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ. ಮೊದಲ ಬಾರಿಗೆ ಗೋಸುಂಬೆ ಮರಿಯನ್ನು ಸಾಕುತ್ತಿರುವವರು ಈ ಸೂಚನೆಯನ್ನು ದಯವಿಟ್ಟು ಪೂರ್ತಿ ಓದಬೇಕು.

ಎಲ್ಲಕ್ಕಿಂತ ಮೊದಲು ನೀರಿನ ವಿಷಯ. ಬಟ್ಟಲಿನಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಕುಡಿಯುವುದಿಲ್ಲ. ಎಲೆಯ ಮೇಲೆ ಹೊಳೆಯುವ ಹನಿಗಳನ್ನು ನೆಕ್ಕಿ ದಾಹ ತೀರಿಸಿಕೊಳ್ಳುತ್ತದೆ. ಆದ್ದರಿಂದ ದಿನಕ್ಕೆ ಎರಡು ಮೂರು ಬಾರಿ ಗಿಡಗಳ ಮೇಲೆ ನೀರನ್ನು ತುಂತುರಾಗಿ ಸಿಂಪಡಿಸಿ, ಮತ್ತೆ ಸಿಂಪಡಿಸುವ ಮುನ್ನ ಗೂಡು ಒಣಗಲು ಬಿಡಬೇಕು. ಸದಾ ತೇವವಾಗಿದ್ದು ಗಾಳಿಯಾಡದ ಗೂಡಿನಲ್ಲಿ ಉಸಿರಾಟದ ಸೋಂಕು ತಗಲುವ ಅಪಾಯವಿರುವುದರಿಂದ, ಹೊಸಬರಿಗೆ ಗಾಜಿನ ಪೆಟ್ಟಿಗೆಗಿಂತ ಜಾಲರಿಯ ಗೂಡೇ ಮೇಲೆಂಬುದು ನನ್ನ ಅಭಿಪ್ರಾಯ. ಕಣ್ಣುಗಳು ಗುಳಿಬಿದ್ದಿದ್ದರೆ ಮರಿಗೆ ನೀರು ಸಾಲುತ್ತಿಲ್ಲವೆಂದು ತಿಳಿಯಬೇಕು.

ಬೆಳಕಿನಲ್ಲಿಯೂ ಉದಾಸೀನ ಬೇಡ. ಯುವಿಬಿ ಕಿರಣಗಳಿಲ್ಲದೆ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣಗಳು) ಮರಿಯ ಮೈಯಲ್ಲಿ ಡಿ3 ಜೀವಸತ್ವ ತಯಾರಾಗುವುದಿಲ್ಲ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೂಳೆಗೆ ಸೇರುವುದಿಲ್ಲ, ಬೆಳೆಯುವ ವಯಸ್ಸಿನಲ್ಲೇ ಕಾಲುಗಳು ಬಾಗತೊಡಗುತ್ತವೆ. ಕಿಟಕಿಯ ಗಾಜು ಈ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದರಿಂದ, ಗಾಜಿನಾಚೆಯ ಬಿಸಿಲನ್ನು ನಂಬದೆ ಯುವಿಬಿ ದೀಪವನ್ನು ದಿನಕ್ಕೆ ಸುಮಾರು 12 ಗಂಟೆ ಉರಿಸಬೇಕು. ಯೆಮನ್ ಜಾತಿಯ ಮರಿಗೆ ಬಿಸಿ ಕಾಯಿಸಿಕೊಳ್ಳುವ ಕೊಂಬೆಯ ಬಳಿ ಸುಮಾರು 29 ಡಿಗ್ರಿ ಸೆಲ್ಸಿಯಸ್ ಸಾಕು. ರಾತ್ರಿ ದೀಪಗಳೆಲ್ಲ ಆರಿರಬೇಕು.

ಆಹಾರಕ್ಕೆ ಹಣ್ಣಿನ ನೊಣ ಮತ್ತು ಪುಟ್ಟ ಜೀರುಂಡೆಗಳನ್ನು (ಕ್ರಿಕೆಟ್ ಹುಳು) ಕ್ಯಾಲ್ಸಿಯಂ ಪುಡಿ ಸವರಿ ಕೊಡಬಹುದು. ಹುಳು ಮರಿಯ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು. ಒಂದು ಗೂಡಿಗೆ ಒಂದೇ ಮರಿ.

ಮುದ್ದಿನಿಂದ ಪದೇಪದೇ ಕೈಗೆತ್ತಿಕೊಳ್ಳುವುದು ಅದಕ್ಕೆ ಭಯವನ್ನಷ್ಟೇ ಉಂಟುಮಾಡುತ್ತದೆ. ಹಗಲಿನಲ್ಲಿ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದರೆ, ಗುಂಪಿನಲ್ಲಿ ಉತ್ತರಕ್ಕಾಗಿ ಕಾಯದೆ, ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯರನ್ನು ಅಂದೇ ಕಾಣಬೇಕೆಂದು ವಿನಂತಿ.