ಆಟಕ್ಕುಂಟು, ಲೆಕ್ಕಕ್ಕಿಲ್ಲ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಪಾಠ, ಪರೀಕ್ಷೆ, ಫಲಿತಾಂಶ ಅಂತ ನಿಮಗೆ ದಿನಾ ಪತ್ರಗಳು ಬರುತ್ತಿರುತ್ತವೆ. ಇದು ಬಿಡುವಿನ ಹೊತ್ತಿನ ಬಗ್ಗೆ. ಅಂದರೆ ಗಂಟೆ ಹೊಡೆದ ಕೂಡಲೇ ಮಕ್ಕಳೆಲ್ಲ ಹೋ ಅಂತ ಕೂಗುತ್ತಾ ಮೈದಾನಕ್ಕೆ ಓಡುವ, ನಾವು ದೊಡ್ಡವರು ಸ್ಟಾಫ್ ರೂಮಿನಲ್ಲಿ ಕೂತು ಸ್ವಲ್ಪ ಉಸಿರು ಬಿಡುವ ಆ ಹೊತ್ತು. ವೇಳಾಪಟ್ಟಿಯಲ್ಲಿ ಅದಕ್ಕೊಂದು ಖಾನೆ ಇರುತ್ತದೆ, ಆದರೆ ಅದರ ಮುಂದೆ ಬಹಳ ಸಲ ಯಾರ ಹೆಸರೂ ಇರುವುದಿಲ್ಲ. ಗಣಿತಕ್ಕೆ ಟೀಚರ್ ಇದ್ದಾರೆ, ಭಾಷೆಗೆ ಇದ್ದಾರೆ. ಇಡೀ ಶಾಲೆಯ ಮಕ್ಕಳು ಒಂದೇ ಕಡೆ ಸೇರುವ ಹೊತ್ತಿಗೆ ಮಾತ್ರ ಯಾರೂ ಇಲ್ಲ.

ಯಾವುದಾದರೂ ಮಗು ಬಿದ್ದು ಕೈ ಮುರಿದುಕೊಂಡಾಗ ಎಲ್ಲರಿಗೂ ಎಚ್ಚರವಾಗುತ್ತದೆ. ಮರುದಿನವೇ ಗೋಡೆ ಮೇಲೆ ಬೋರ್ಡು. ಓಡಬಾರದು, ತಳ್ಳಬಾರದು, ಕೂಗಬಾರದು. ಓಡದೆ ಆಡುವುದು ಹೇಗೆ ಹೇಳಿ? ಆ ಬೋರ್ಡನ್ನು ಒಂದನೇ ಕ್ಲಾಸಿನವರು ಓದಲಾರರು, ಐದನೇ ಕ್ಲಾಸಿನವರು ಓದಿದರೂ ಕೇಳುವುದಿಲ್ಲ. ಅಷ್ಟಕ್ಕೂ ಆ ಮಗು ಬಿದ್ದದ್ದು ಓಡಿದ್ದಕ್ಕಲ್ಲ. ಉಯ್ಯಾಲೆ ಮುಂದೆ ಹಾದು ಹೋಗಬಾರದು ಅಂತ ಅದಕ್ಕೆ ಅಲ್ಲೇ ನಿಂತು ಯಾರೂ ತೋರಿಸಿಕೊಟ್ಟಿರಲಿಲ್ಲ, ಅಷ್ಟೇ.

ಮೊದಲು ಸುಲಭದ್ದು ಹೇಳಿ ಮುಗಿಸುತ್ತೇನೆ. ಮೈದಾನದಲ್ಲಿ ಆಗುವ ಪೆಟ್ಟುಗಳಲ್ಲಿ ಮೇಲಿಂದ ಕೆಳಗೆ ಬಿದ್ದು ಆಗುವವೇ ಜಾಸ್ತಿ. ಹಾಗಾಗಿ ಜಾರುಬಂಡಿಯ ಬಣ್ಣಕ್ಕಿಂತ ಅದರ ಕೆಳಗೆ ಏನಿದೆ ಅನ್ನುವುದು ಮುಖ್ಯ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಆಟದ ಮೈದಾನಗಳಿಗೆಂದೇ ಒಂದು ಕೈಪಿಡಿ ಮಾಡಿದೆ. ಅದರ ಪ್ರಕಾರ ಕಾಂಕ್ರೀಟು ಬಿಡಿ, ಹುಲ್ಲು ಮತ್ತು ಗಟ್ಟಿ ಮಣ್ಣು ಕೂಡ ಬೀಳುವ ಮಗುವನ್ನು ಕಾಪಾಡುವುದಿಲ್ಲ. ಆಟದ ಸಾಮಾನಿನ ಸುತ್ತ ಕನಿಷ್ಠ 6 ಅಡಿ ಜಾಗ ಖಾಲಿ ಇರಬೇಕು. ಉಯ್ಯಾಲೆಗೆ ಅದೂ ಸಾಲದು, ಅದನ್ನು ನೇತು ಹಾಕಿದ ಎತ್ತರದ ಎರಡರಷ್ಟು ಜಾಗ ಮುಂದೆಯೂ ಬೇಕು, ಹಿಂದೆಯೂ ಬೇಕು. ಕಂಬಿಗಳ ಸಂದು 3.5 ಇಂಚಿಗಿಂತ ದೊಡ್ಡದಾಗಿ 9 ಇಂಚಿಗಿಂತ ಚಿಕ್ಕದಾಗಿದ್ದರೆ ಪುಟ್ಟ ಮಗುವಿನ ಮೈ ತೂರಿ ಹೋಗಿ ತಲೆ ಸಿಕ್ಕಿಕೊಳ್ಳಬಹುದು. ಕೊರಳಿಗೆ ದಾರ ಕಟ್ಟಿಕೊಂಡೋ ಉದ್ದನೆಯ ಬಟ್ಟೆ ಸುತ್ತಿಕೊಂಡೋ ಜಾರುಬಂಡಿ ಹತ್ತಬಾರದು, ಅದು ಎಲ್ಲಾದರೂ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಇವನ್ನೆಲ್ಲ ಒಂದು ಟೇಪು ಹಿಡಿದು ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸಬಹುದು. ನಿಮ್ಮ ಇಲಾಖೆಯ ತಪಾಸಣೆಯವರು ಹಾಜರಿ ಪುಸ್ತಕ ನೋಡುವಷ್ಟು ಹೊತ್ತು ಮೈದಾನ ನೋಡಿದರೂ ಸಾಕು.

ಕಷ್ಟದ್ದು ಬೇರೆ ಇದೆ. ಅದನ್ನು ಟೇಪು ಹಿಡಿದು ಅಳೆಯೋಕೆ ಆಗುವುದಿಲ್ಲ.

ಚೆಂಡು ಯಾರದೋ ಆಟವೂ ಅವನದೇ. ಔಟ್ ಆದರೆ "ನನ್ನ ಚೆಂಡು, ನಾನು ಔಟ್ ಅಲ್ಲ" ಅಂತಾನೆ. ಜಾಸ್ತಿ ಮಾತಾಡಿದರೆ ಚೆಂಡು ಬಗಲಲ್ಲಿ ಇಟ್ಟುಕೊಂಡು ಹೊರಟೇ ಬಿಡುತ್ತಾನೆ, ಉಳಿದವರೆಲ್ಲ ಅವನ ಹಿಂದೆ ಗೋಗರೆಯುತ್ತಾ ಹೋಗುತ್ತಾರೆ. ಶಾಲೆಯದೇ ನಾಲ್ಕು ಚೆಂಡು ಇದ್ದರೆ ಈ ದರ್ಬಾರು ಆ ದಿನವೇ ಮುಗಿಯುತ್ತದೆ. ಟೀಮು ಮಾಡುವಾಗ ನೋಡಿ. ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಕರೆಯುತ್ತಾ ಹೋಗುತ್ತಾರೆ. ಕೊನೆಗೆ ಒಂದು ಮಗು ಉಳಿಯುತ್ತದೆ. ಅದು ಶೂ ಲೇಸು ಕಟ್ಟಿಕೊಳ್ಳುವ ಹಾಗೆ ಬಗ್ಗುತ್ತದೆ, ಲೇಸು ಬಿಚ್ಚಿರುವುದೇ ಇಲ್ಲ. "ನೀನೇ ಇಟ್ಕೋ", "ಬೇಡ, ನೀನೇ ಇಟ್ಕೋ" ಅಂತ ಚೌಕಾಸಿ ನಡೆದು, ಕೊನೆಗೆ ಸರಿ, ಇವನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ತೀರ್ಮಾನ. ದಿನಾ ಅದೇ ಮಗು. ಯಾರೂ ಹೊಡೆದಿಲ್ಲ, ಯಾರೂ ಬೈದಿಲ್ಲ, ಹಾಗಾಗಿ ದೂರೂ ಇಲ್ಲ. ಟೀಮನ್ನು ಒಂದು ಎರಡು, ಒಂದು ಎರಡು ಅಂತ ಎಣಿಸಿ ಹಂಚಿದರೆ ಇಷ್ಟೂ ತಪ್ಪುತ್ತದೆ. ಆದರೆ ಹಾಗೆ ಎಣಿಸಿ ಅಂತ ಹೇಳೋಕೆ ಒಬ್ಬ ದೊಡ್ಡವರು ಅಲ್ಲಿ ನಿಂತಿರಬೇಕಲ್ವಾ?

ನಿಂತಿರಬೇಕು ಅಂದರೆ ಸುಮ್ನೆ ಸೀಟಿ ಊದುತ್ತಾ ನಿಲ್ಲುವುದಲ್ಲ. ನೋಡಲು ಗೊತ್ತಿರಬೇಕು. ಇಬ್ಬರು ಹುಡುಗರು ನೆಲದ ಮೇಲೆ ಉರುಳಾಡುತ್ತಿದ್ದರೆ ಅದು ಜಗಳವೇ ಆಗಿರಬೇಕಿಲ್ಲ. ಮುಖದಲ್ಲಿ ನಗು ಇದ್ದು, ಒಮ್ಮೆ ಇವನು ಮೇಲೆ ಒಮ್ಮೆ ಅವನು ಮೇಲೆ ಆಗುತ್ತಿದ್ದು, ಮುಗಿದ ಮೇಲೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹೋದರೆ ಅದು ಆಟ, ಬಿಟ್ಟುಬಿಡಿ. ಯಾವಾಗಲೂ ಒಬ್ಬನೇ ಕೆಳಗಿದ್ದರೆ, ಸುತ್ತ ಗುಂಪು ಕಟ್ಟಿದ್ದರೆ, ಆಮೇಲೆ ಅವನು ಒಬ್ಬನೇ ಎದ್ದು ಹೋದರೆ ಅದು ಬೇರೆ. ನಾರ್ವೆಯ ಡಾನ್ ಓಲ್ವೇಯಸ್ ಅನ್ನುವ ಮನಶ್ಶಾಸ್ತ್ರಜ್ಞರು 1970ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದವರು. ಬೇಕಂತಲೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ತಿರುಗಿ ಬೀಳಲು ಆಗದವರನ್ನು ನೋಯಿಸುವುದು, ಈ ಮೂರೂ ಇದ್ದರೆ ಅದು ಪೀಡನೆ ಅಂತ ಅವರು ಹೇಳಿದ್ದು ಇವತ್ತಿಗೂ ಅಳತೆಗೋಲು. ಇಷ್ಟು ಗೊತ್ತಿಲ್ಲದ ಕಾವಲು ಇದ್ದರೆ ಆಟ ಆಡುವವರಿಗೆ ಬೈಗುಳ, ಪೀಡಿಸುವವನು ಆರಾಮ.

ಇನ್ನೊಂದು, ಚಾಡಿ. "ಮಿಸ್, ಅವನು ಹೀಗೆ ಮಾಡಿದ" ಅಂತ ಬರುವ ಮಗುವಿಗೆ ನಾವೇ ಅನ್ನುತ್ತೇವೆ, ಹೋಗು, ಚಾಡಿ ಹೇಳಬೇಡ. ಅಲ್ಲಿಗೆ ಮುಗಿಯಿತು, ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ. ಒಬ್ಬರನ್ನು ಸಿಕ್ಕಿಸಿ ಹಾಕಲು ಹೇಳುವುದು ಒಂದು, ಒಬ್ಬರನ್ನು ಕಾಪಾಡಲು ಹೇಳುವುದು ಇನ್ನೊಂದು. ಈ ವ್ಯತ್ಯಾಸ ಆರು ವರ್ಷದ ಮಕ್ಕಳಿಗೂ ಅರ್ಥವಾಗುತ್ತದೆ, ಹೇಳಿಕೊಟ್ಟರೆ. ಕೆನಡಾದಲ್ಲಿ ಸಂಶೋಧಕರು ಪ್ರಾಥಮಿಕ ಶಾಲೆಗಳ ಮೈದಾನದಲ್ಲಿ ಕ್ಯಾಮೆರಾ ಇಟ್ಟು, ಮಕ್ಕಳಿಗೆ ಮೈಕ್ ಕಟ್ಟಿ ನೋಡಿದ್ದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪೀಡನೆಯ ಪ್ರಸಂಗಗಳಲ್ಲಿ ಶೇ. 88ರಷ್ಟರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು, ಮಧ್ಯೆ ಬಂದದ್ದು ಶೇ. 19ರಲ್ಲಿ ಮಾತ್ರ. ಆದರೆ ಹಾಗೆ ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಪೀಡನೆ ನಿಂತಿತ್ತು. "ಏಯ್, ಬಿಡೋ ಅವನನ್ನ" ಅನ್ನುವ ಒಂದು ಮಾತು ಸಾಕಾಗುತ್ತದೆ ಸಚಿವರೇ. ಆ ಮಾತು ಹೇಳುವ ಧೈರ್ಯ ಬರಬೇಕಾದರೆ, ಹೇಳಿದ ಮೇಲೆ ತನ್ನ ಹಿಂದೆ ಒಬ್ಬ ಟೀಚರ್ ನಿಲ್ಲುತ್ತಾರೆ ಅಂತ ಮಗುವಿಗೆ ಗೊತ್ತಿರಬೇಕು.

ಶಿಕ್ಷೆಯ ವಿಷಯ ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಹೋಂವರ್ಕ್ ಮಾಡಿಲ್ವಾ, ಆಟಕ್ಕೆ ಬಿಡಬೇಡಿ. ಗಲಾಟೆ ಮಾಡಿದ್ಯಾ, ಕೂತು ಬರಿ. ಕೂರಲು ಆಗದೆ ಚಡಪಡಿಸುವ ಮಗುವಿಗೆ ಇನ್ನಷ್ಟು ಹೊತ್ತು ಕೂರುವ ಶಿಕ್ಷೆ! ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲೇ ಸ್ಪಷ್ಟವಾಗಿ ಹೇಳಿದೆ, ಬಿಡುವಿನ ಹೊತ್ತನ್ನು ಶಿಕ್ಷೆಗಾಗಿಯೂ ಕಿತ್ತುಕೊಳ್ಳಬಾರದು, ಪಾಠಕ್ಕಾಗಿಯೂ ಕಿತ್ತುಕೊಳ್ಳಬಾರದು ಅಂತ. ಅದಕ್ಕೂ ಮೊದಲೇ, 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಮಗುವಿನ ಹಕ್ಕು ಅಂತ ಒಪ್ಪಿಕೊಂಡಿದೆ. ಇನ್ನೊಂದು ಮಗುವನ್ನು ನೋಯಿಸಿದವನನ್ನು ಆ ಆಟದಿಂದ ಐದು ನಿಮಿಷ ಪಕ್ಕಕ್ಕೆ ಕರೆದು ಮಾತಾಡಿಸಿ, ಅದು ಸರಿ. ಗಣಿತದ ಬಾಕಿಯನ್ನು ಮೈದಾನದಲ್ಲಿ ವಸೂಲಿ ಮಾಡಬೇಡಿ.

ಸುತ್ತೋಲೆ ಕಳಿಸುತ್ತೀರಿ ಅಂತ ಗೊತ್ತು. ದಯವಿಟ್ಟು "ಶಾಲೆಗಳು ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು" ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬೇಡಿ. ವೇಳಾಪಟ್ಟಿಯ ಆ ಬಿಡುವಿನ ಖಾನೆಯಲ್ಲಿ ಒಬ್ಬ ಟೀಚರ್ ಹೆಸರು ಬರೆಸಿ. ಆ ಡ್ಯೂಟಿಯನ್ನು ಕೆಲಸದ ಅವಧಿಯಲ್ಲೇ ಲೆಕ್ಕ ಹಿಡಿಯಿರಿ, ಇಲ್ಲದಿದ್ದರೆ ಇಡೀ ದಿನ ಗಂಟಲು ಹರಿದುಕೊಂಡ ಟೀಚರ್ ಮೈದಾನದಲ್ಲೂ ಮೊಬೈಲ್ ನೋಡುತ್ತಾ ನಿಂತಿರುತ್ತಾರೆ, ಅವರನ್ನೂ ಬೈಯಲಾಗದು. ತರಬೇತಿ ಶಿಬಿರಗಳಲ್ಲಿ ಒಂದು ದಿನ ಇದಕ್ಕೆ ಇಡಿ, ಸಭಾಂಗಣದಲ್ಲಿ ಸ್ಲೈಡು ತೋರಿಸಿ ಅಲ್ಲ, ಮೈದಾನದಲ್ಲೇ ನಿಲ್ಲಿಸಿ. ಉಯ್ಯಾಲೆಯಲ್ಲಿ ಎಷ್ಟು ಜೀಕಿಗೆ ಸರದಿ ಬದಲಾಗಬೇಕು ಅನ್ನುವಂಥ ನಿಯಮಗಳನ್ನು ಮಾತ್ರ ನೀವು ಬರೆಯಬೇಡಿ, ನಾವೂ ಬರೆಯುವುದಿಲ್ಲ, ಮಕ್ಕಳನ್ನೇ ಕೂರಿಸಿ ಕೇಳೋಣ. ಅವರೇ ಮಾಡಿದ ನಿಯಮವನ್ನು ಅವರು ಎಷ್ಟು ಕಟ್ಟುನಿಟ್ಟಾಗಿ ಕಾಯುತ್ತಾರೆ ಅಂದರೆ ಕೆಲವು ಸಲ ನಾವೇ ಹೋಗಿ ಸ್ವಲ್ಪ ಸಡಿಲ ಮಾಡಿ ಅನ್ನಬೇಕಾಗುತ್ತದೆ.

ಮುಂದಿನ ವರ್ಷದ ವೇಳಾಪಟ್ಟಿಗೆ ನಿಮ್ಮ ಇಲಾಖೆ ಸಹಿ ಹಾಕುವ ಮೊದಲು ಇದಕ್ಕೊಂದು ಉತ್ತರ ಬೇಕು. ಆಗುತ್ತದೆ ಅಂತಲೋ ಆಗುವುದಿಲ್ಲ ಅಂತಲೋ ನೇರವಾಗಿ ಹೇಳಿ. ಆಗುವುದಿಲ್ಲ ಅಂದರೆ ಯಾಕೆ ಅಂತಲೂ ಹೇಳಿ.

ಇತಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ