ಹೊಳೆಯುವ ಡಯಲ್‌ಗೆ ಮರುಳಾಗಿ ಹಳೆ ವಾಚ್ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಈಚೆಗೆ ಕೊಡಗಿನ ಹುಡುಗರಿಗೂ ಹಳೆ ಕಾಲದ ಕೀ ಕೊಡುವ ವಾಚ್‌ಗಳ ಹುಚ್ಚು ಹಿಡಿದಿದೆ. ನನಗೆ ಇದು ಖುಷಿಯ ವಿಷಯವೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಲ್ಲಿ ವಾಚ್ ಮಾಡಲು ಶುರು ಮಾಡಿದ ಎಚ್‌ಎಂಟಿಯ ಜನತಾ, ಪೈಲಟ್, ಜವಾನ್ ಮತ್ತೆ ಹುಡುಗರ ಕೈಯಲ್ಲಿ ಕಾಣಿಸುತ್ತಿವೆ. ಆದರೆ ಆನ್‌ಲೈನ್‌ನಲ್ಲಿ ‘ಅಸಲಿ ಮಿಲಿಟರಿ ವಾಚ್’ ಅಂತ ಮಾರುವವರನ್ನು ಕಂಡರೆ ಸಿಟ್ಟು ಬರುತ್ತದೆ. ಇವುಗಳಲ್ಲಿ ಎಷ್ಟೋ ವಾಚ್‌ಗಳ ಡಯಲ್‌ಗೆ ಹೊಸದಾಗಿ ಬಣ್ಣ ಬಳಿದು, ಸೇನೆಯ ಸ್ವತ್ತು ಅಂತ ತೋರಿಸುವ ಬಾಣದ ಗುರುತು ಒತ್ತಿರುತ್ತಾರೆ. ಸೇನೆಯಲ್ಲಿದ್ದವರು ಊರೂರಲ್ಲೂ ಇರುವ ಜಿಲ್ಲೆ ನಮ್ಮದು. ರಿಟೈರ್ ಆದ ಅಪ್ಪನಿಗೆ ಕೊಡೋಣ ಅಂತ ಆಸೆಪಟ್ಟು ತರಿಸಿದ ಮಕ್ಕಳಿಗೆ ಇದು ಬರೀ ಮೋಸ ಅಲ್ವಾ?

ಮೊನ್ನೆ ಪಕ್ಕದ ಮನೆ ಹುಡುಗ ಅಂಥದ್ದೊಂದು ತಂದು ತೋರಿಸಿದ. ಕಪ್ಪು ಡಯಲ್, ಫಳಫಳ ಅನ್ನುತ್ತಿತ್ತು. ಲೆನ್ಸ್ ಇಟ್ಟು ನೋಡಿದರೆ ಅಕ್ಷರಗಳ ಅಂಚು ಶಾಯಿ ಹರಡಿದ ಹಾಗಿದೆ, ನಾಲ್ಕರ ಅಂಕಿ ಒಂದು ಕಡೆ, ಅದರ ಗೆರೆ ಇನ್ನೊಂದು ಕಡೆ. ಹಿಂದಿನ ಮುಚ್ಚಳ ತೆಗೆಸಿದಾಗ ಕೀ ಕಡ್ಡಿ ಒಳಹೋಗುವ ಜಾಗದಲ್ಲಿ ಕೆಂಪಗೆ ತುಕ್ಕು, ಸ್ಕ್ರೂಗಳ ತಲೆಯೆಲ್ಲ ಕೆರೆದುಹೋಗಿತ್ತು. ಸಿಕ್ಕಸಿಕ್ಕವರೆಲ್ಲ ಬಿಚ್ಚಿದ್ದಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮೊದಲ ಸಲ ಕೊಳ್ಳುವವರು ಗಾಜಿನ ಗೀರು ನೋಡಿ ಹೆದರಬೇಡಿ. ಹಳೆ ವಾಚ್‌ಗಳಲ್ಲಿ ಸಾಮಾನ್ಯವಾಗಿ ಅದು ಪ್ಲಾಸ್ಟಿಕ್. ಉಜ್ಜಿದರೆ ಹೋಗುತ್ತದೆ, ಇಲ್ಲವೇ ಬದಲಾಯಿಸಬಹುದು. ಡಯಲ್ ಹಳದಿಗೆ ತಿರುಗಿದ್ದರೂ ಪರವಾಗಿಲ್ಲ, ಹೊಸ ಬಣ್ಣಕ್ಕಿಂತ ನನಗೆ ಅದೇ ಇಷ್ಟ. ಕೀ ಕೊಟ್ಟು ನೋಡಿ. ಅದು ಒಂದೇ ಸಮ ತಿರುಗಿ, ತುಂಬಿದಾಗ ತಾನಾಗಿ ಬಿಗಿಯಾಗಬೇಕು, ನಡುವೆ ಜಾರಬಾರದು. ಬೆಳಿಗ್ಗೆ ಪೂರ್ತಿ ಕೀ ಕೊಟ್ಟ ವಾಚ್ ಮರುದಿನ ಬೆಳಿಗ್ಗೆಯೂ ಓಡುತ್ತಿರಬೇಕು. ಡಯಲ್ ಮೇಲೆ ಮಾಡಿ ಸ್ವಲ್ಪ ಹೊತ್ತು, ಕೆಳಗೆ ಮಾಡಿ ಸ್ವಲ್ಪ ಹೊತ್ತು ಇಡಿ. ಒಂದು ಕಡೆ ಓಡಿ ಇನ್ನೊಂದು ಕಡೆ ನಿಂತರೆ ಕೊಳ್ಳಬೇಡಿ. ವಾಚಿನ ಹೊರಕವಚದ ಮೂಲೆಗಳು ಪಾಲಿಶ್ ಮಾಡಿ ಮಾಡಿ ಸವೆದಿವೆಯಾ ಅಂತಲೂ ನೋಡಿ.

ಮೆಷಿನ್‌ನ ಫೋಟೋ ಕೊಡದವರ ಹತ್ತಿರ ಸುಮ್ನೆ ಮಾತು ಬೆಳೆಸಬೇಡಿ. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲೇ ತೀರ್ಮಾನವಾಗಿದೆ. ಹಾಗಾಗಿ ತುಕ್ಕು ತಿಂದ ಭಾಗಕ್ಕೆ ಬದಲಿ ಬೇಕು ಅಂದರೆ ಹೆಚ್ಚಾಗಿ ಇನ್ನೊಂದು ಹಳೆ ವಾಚನ್ನೇ ಬಿಚ್ಚಬೇಕು.

ನಮ್ಮ ಕಡೆಯವರಿಗೆ ಮಳೆಯದ್ದು ಬೇರೆ ಚಿಂತೆ. ಜೂನ್ ಬಂತೆಂದರೆ ಒಗೆದ ಬಟ್ಟೆಯೇ ಒಣಗುವುದಿಲ್ಲ. ‘ವಾಟರ್ ರೆಸಿಸ್ಟೆಂಟ್’ ಅಂತ ಬರೆದಿದ್ದರೂ ಒಳಗಿನ ರಬ್ಬರ್ ಗಟ್ಟಿಯಾಗಿದ್ದರೆ ಕೀ ಹತ್ತಿರದಿಂದಲೇ ನೀರು ಇಳಿಯುತ್ತದೆ. ಗಾಜಿನ ಒಳಗೆ ಮಂಜು ಕಟ್ಟಿದ್ದು ಕಂಡರೆ ಬಿಸಿಲಿಗಿಟ್ಟು ಕಾಯಬೇಡಿ, ಅವತ್ತೇ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋಗಿ.

ಡಯಲ್‌ಗೆ ಹೊಸ ಬಣ್ಣ ಬಳಿದು ರೀಡಯಲ್ ಮಾಡಿದ್ದರೆ ಮಾರುವವರು ರೀಡಯಲ್ ಅಂತಲೇ ಬರೆಯಲಿ. ಗೊತ್ತಿದ್ದೂ ಇಷ್ಟಪಟ್ಟು ಕೊಳ್ಳುವವರು ಕೊಳ್ಳುತ್ತಾರೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದಲ್ಲಿ ಕೀ ವಾಚ್ ಬಿಚ್ಚಿ ಕಟ್ಟಬಲ್ಲ ಹಿರಿಯರು ಇನ್ನೂ ಯಾರ್‍ಯಾರಿದ್ದಾರೆ ಅಂತ ನಿಮ್ಮ ಪತ್ರಿಕೆ ಒಮ್ಮೆ ಹುಡುಕಿ ಬರೆದರೆ ತುಂಬಾ ಉಪಕಾರ.

ಇಂತಿ,
ನಿಮ್ಮ ಓದುಗ, ಮಡಿಕೇರಿ